ಬಫೆ ಊಟವೂ ಪ್ರಸಾದ ನಿಷ್ಠೆಯೂ



ಗೋವೆಯಲ್ಲಿ ನೆಲೆಸಿರುವ ನಮ್ಮ ಭಕ್ತಾದಿಗಳಿಂದ ಶ್ರೀಮಠಕ್ಕೊಂದು ಪತ್ರ ಬಂದಿದೆ. ವಾಸ್ಕೋ, ಜುವಾರಿನಗರ, ಮಡಗಾಂವ, ಪೋಂಡಾ, ಮಾಪುಸಾಗಳಲ್ಲಿ ದುಡಿಯುತ್ತಿರುವ ನಮ್ಮವರು ಸೇರಿ ಪ್ರತಿವರ್ಷ ಬಸವ ಜಯಂತಿ ಆಚರಿಸುವುದು ತಮಗೆಲ್ಲ ತಿಳಿದ ಸಂಗತಿ. ಬರುವ ಜಯಂತಿಯ ದಿನ ದಾಸೋಹವನ್ನು ಪಂಕ್ತಿಯಲ್ಲಿ ಬಡಿಸುವ ಬದಲು ಕ್ಯಾಟರಿಂಗ್‌ನವರಿಗೆ ಗುತ್ತಿಗೆ ಕೊಟ್ಟು ಬಫೆ ಮಾಡಿಸಬಹುದೇ ಎಂದು ಅವರು ಕೇಳಿದ್ದಾರೆ. ಬಡಿಸುವವರು ಸಿಗುವುದಿಲ್ಲ, ಸಭಾಂಗಣವನ್ನು ಸಂಜೆಯೊಳಗೆ ಬಿಟ್ಟುಕೊಡಬೇಕು, ಹುಡುಗರಿಗೆ ನೆಲದ ಮೇಲೆ ಕುಳಿತು ಉಣ್ಣುವ ರೂಢಿ ತಪ್ಪಿದೆ ಎಂಬುದು ಅವರ ಅಡಚಣೆ. ಪೂಜ್ಯರು ಪತ್ರವನ್ನು ಓದಿಸಿ ಕೇಳಿ, ಇದು ಗೋವೆಯವರೊಬ್ಬರ ಪ್ರಶ್ನೆಯಲ್ಲ, ನಮ್ಮೂರ ಮದುವೆಗಳಿಗೂ ಬಂದು ನಿಂತ ಪ್ರಶ್ನೆ, ಎಲ್ಲರಿಗೂ ತಿಳಿಯುವಂತೆ ಬರೆಯಿರಿ ಎಂದು ಅಪ್ಪಣೆ ಕೊಡಿಸಿದರು. ಅದರಂತೆ ಈ ಬರಹ.

ಬಫೆ ಎಂದರೇನೆಂದು ವಿವರಿಸುವ ಕಾಲ ಹೋಯಿತು. ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಸ್ಟೀಲಿನ ಮುಚ್ಚಳದ ಪಾತ್ರೆಗಳು, ಪಾತ್ರೆಯ ಅಡಿಯಲ್ಲಿ ಬಿಸಿನೀರು, ಅದರ ಕೆಳಗೆ ಪುಟ್ಟದೊಂದು ಉರಿ. ಹಣ ಒಂದೇ ಸಲ, ಊಟ ಎಷ್ಟು ಸಲವಾದರೂ. ಕಲಂಗುಟ್‌ನಿಂದ ಕೊಲ್ವಾವರೆಗೆ ಗೋವೆಯ ಕಡಲತೀರದ ದೊಡ್ಡ ಹೋಟೆಲುಗಳಲ್ಲಿ ಮುಂಜಾನೆಯ ಉಪಾಹಾರವೇ ಹೀಗೆ. ಕೋಣೆಯ ಬಾಡಿಗೆಯಲ್ಲಿಯೇ ಅದು ಸೇರಿರುತ್ತದೆ. ಇಡ್ಲಿ, ದೋಸೆ, ಉಪ್ಪಿಟ್ಟು ಒಂದು ಕಡೆ. ಗೋವೆಯ ಪಾವು ಮತ್ತು ಭಾಜಿ ಮತ್ತೊಂದು ಕಡೆ. ಆಚೆ ಬ್ರೆಡ್ಡು, ಬೆಣ್ಣೆ, ಕೇಕು, ಹೋಳು ಮಾಡಿಟ್ಟ ಪಪ್ಪಾಯಿ, ಕಲ್ಲಂಗಡಿ, ನಾಲ್ಕು ಬಗೆಯ ಹಣ್ಣಿನ ರಸ. ರಾತ್ರಿಯ ಊಟದ ಮೇಜು ಇದರ ಎರಡರಷ್ಟು.

ಈ ಊಟದಲ್ಲಿ ಸುಖವಿಲ್ಲವೆಂದರೆ ಸುಳ್ಳಾಗುತ್ತದೆ. ಮಕ್ಕಳಿಗಂತೂ ಅದೊಂದು ಜಾತ್ರೆ. ಹಲ್ಲಿಲ್ಲದ ಅಜ್ಜ ಎರಡು ಮೆತ್ತಗಿನ ಇಡ್ಲಿ, ಒಂದು ಬಟ್ಟಲು ಮೊಸರು ತೆಗೆದುಕೊಂಡು ನೆಮ್ಮದಿಯಿಂದ ಕೂಡ್ರಬಹುದು. ಸಕ್ಕರೆ ಕಾಯಿಲೆಯವರು ಸಿಹಿಯನ್ನು ದಾಟಿಕೊಂಡು ಹೋಗಬಹುದು, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ನಮ್ಮ ಕಡೆಯ ಊಟದಲ್ಲಿ "ಸಾಕ್ರಿ, ಬ್ಯಾಡ್ರಿ" ಎಂದು ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದಲೇ ಹುಗ್ಗಿ ಸುರಿದು ಹೋಗುವವರಿದ್ದಾರಲ್ಲ, ಆ ಕಾಟ ಅಲ್ಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಬಫೆಯ ಸಾಲಿನಲ್ಲಿ ಪಂಕ್ತಿಭೇದವಿಲ್ಲ. ಮಡಿವಾಳ ಮಾಚಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದ ನಾನಾ ಕಾಯಕದ ಶರಣರು 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕೂಡಿ ಪ್ರಸಾದ ಸ್ವೀಕರಿಸಿದರೆಂದು ಭಾಷಣ ಮಾಡುವ ನಾವು, ನಮ್ಮ ಮದುವೆಗಳಲ್ಲಿ ಬೀಗರಿಗೊಂದು ಪಂಕ್ತಿ, ದೊಡ್ಡವರಿಗೊಂದು ಪಂಕ್ತಿ, ಟ್ರ್ಯಾಕ್ಟರ್ ಹೊಡೆದುಕೊಂಡು ಬಂದವನಿಗೆ ಎಲ್ಲರದೂ ಮುಗಿದ ಮೇಲೆ ಎಂದು ಎಷ್ಟೋ ಊರುಗಳಲ್ಲಿ ಈಗಲೂ ನಡೆಸಿದ್ದೇವೆ. ಮದುವೆಯ ಬಫೆ ಸಾಲಿನಲ್ಲಿ ಸಾವುಕಾರನ ಮುಂದೆ ಅವನ ಡ್ರೈವರ್ ತಟ್ಟೆ ಹಿಡಿದು ನಿಂತಿರುತ್ತಾನೆ. ಇಬ್ಬರಿಗೂ ಒಂದೇ ಸೌಟು. ಇಷ್ಟರ ಮಟ್ಟಿಗೆ ಆ ಪದ್ಧತಿ ನಮ್ಮ ರೂಢಿಗಿಂತ ಶರಣರಿಗೆ ಹತ್ತಿರವಿದೆ.

ಹಾಗಾದರೆ ತೊಡಕು ಎಲ್ಲಿದೆ? ಅದನ್ನು ಕಾಣಲು ಈ ಪದ್ಧತಿ ನಡೆದುಬಂದ ದಾರಿಯನ್ನು ಸ್ವಲ್ಪ ನೋಡಬೇಕು.

ಸ್ವೀಡನ್ ದೇಶದಲ್ಲಿ ಮೇಜಿನ ತುಂಬ ಬಗೆಬಗೆಯ ಪದಾರ್ಥ ಹರವಿಟ್ಟು ಅತಿಥಿಗಳೇ ಬಡಿಸಿಕೊಳ್ಳುವ ರೂಢಿ ಬಹಳ ಹಿಂದಿನದು. 1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನದಲ್ಲಿ ಅದನ್ನು ಕಂಡ ಅಮೆರಿಕದವರು ಮೆಚ್ಚಿದರು. ಜಪಾನಿನ ಟೋಕಿಯೋದ ಇಂಪೀರಿಯಲ್ ಹೋಟೆಲು 1958ರಲ್ಲಿ ಅದೇ ಮಾದರಿಯ ಊಟ ಆರಂಭಿಸಿತು. ಇವು ಉಣ್ಣುವವರಿಗಾಗಿ ಮಾಡಿದ ಊಟಗಳು. ಅಮೆರಿಕದ ಲಾಸ್ ವೆಗಾಸ್ ಎಂಬ ಜೂಜಿನ ಊರಿನಲ್ಲಿ ಇದಕ್ಕೆ ಬೇರೊಂದು ಉಪಯೋಗ ಹೊಳೆಯಿತು. 1940ರ ದಶಕದಲ್ಲಿ ಅಲ್ಲಿನ ಎಲ್ ರಾಂಚೋ ಎಂಬ ಹೋಟೆಲಿನವರು ಒಂದು ಡಾಲರಿಗೆ ಬೇಕಾದಷ್ಟು ಊಟವೆಂದು ಮೇಜು ಹಾಕಿದರು. ಊಟದಲ್ಲಿ ಲಾಭವಿರಲಿಲ್ಲ. ಹಸಿವಾಯಿತೆಂದು ಜೂಜುಗಾರ ಎದ್ದು ಹೊರಗೆ ಹೋಗಬಾರದು, ಅಷ್ಟೇ ಅವರ ಉದ್ದೇಶ. ಅಲ್ಲಿ ಅನ್ನವು ಗಾಳಕ್ಕೆ ಸಿಕ್ಕಿಸಿದ ಎರೆಯಾಯಿತು.

ಅಮೆರಿಕದ ಕಥೆ ನಮಗೇಕೆ ಎನ್ನಬೇಡಿರಿ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಪಣಜಿಯಲ್ಲಿ ಮಾಂಡೋವಿ ಎನಿಸಿಕೊಳ್ಳುತ್ತದೆ. ಅದೇ ನೀರಿನ ಮೇಲೆ ಕ್ಯಾಸಿನೋ ಹಡಗುಗಳು ನಿಂತಿವೆ. ಗೋವೆಯ ಜೂಜು ಕಾನೂನಿಗೆ 1992ರಲ್ಲಿ ತಿದ್ದುಪಡಿಯಾಗಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ದಾರಿಯಾಯಿತು. 1996ರ ತಿದ್ದುಪಡಿಯಿಂದ ನೀರಿನ ಮೇಲಿನ ಹಡಗುಗಳಿಗೂ ಅವಕಾಶ ಸಿಕ್ಕಿತು. ಪ್ರವೇಶದ ಹಣದಲ್ಲಿಯೇ ಬಫೆ ಊಟ, ಪಾನೀಯ, ಆಟದ ಬಿಲ್ಲೆಗಳು ಸೇರಿವೆ ಎಂಬುದು ಅವರ ಜಾಹೀರಾತು. ವಾರದ ಕೊನೆಗೆ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಗಾಡಿ ಮಾಡಿಕೊಂಡು ಹೋಗುವ ತರುಣರು "ಆಡಾಕ ಅಲ್ರಿ, ಬರೇ ಊಟಕ್ಕ" ಎಂದು ಮನೆಯಲ್ಲಿ ಹೇಳಿ ಹೋಗುತ್ತಾರೆ. ಊಟವನ್ನು ಅಲ್ಲಿ ಇಟ್ಟಿರುವುದೇ ಹಾಗೆ ಹೇಳಿ ಬರಲಿ ಎಂದು. ಗೋವೆಯ ನಿವಾಸಿಗಳು ಈ ಕ್ಯಾಸಿನೋಗಳೊಳಗೆ ಆಡಲು ಹೋಗಕೂಡದೆಂದು ಅಲ್ಲಿನ ಸರ್ಕಾರ 2020ರ ಫೆಬ್ರವರಿಯಿಂದ ನಿಷೇಧಿಸಿತು. ತಮ್ಮ ಮಕ್ಕಳಿಗೆ ಬೇಡವೆಂದ ಬಾಗಿಲು ನಮ್ಮ ಮಕ್ಕಳಿಗೆ ತೆರೆದಿದೆ. ಸೋಯಾಬೀನ್ ಮಾರಿದ ಹಣ, ಸೊಸೈಟಿಯ ಸಾಲದ ಹಣ ಹೊಳೆಯ ಮೇಲೆ ಕರಗಿದ ಮನೆಗಳಿಂದ ತಾಯಂದಿರು ಶ್ರೀಮಠಕ್ಕೆ ಬಂದು ಕಣ್ಣೀರು ಹಾಕಿದ್ದಾರೆ. ಹೆಸರು ಬೇಡ. ತಂದೆ ತಾಯಿಗಳು ಈ ಸಾಲುಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಿದರೆ ಸಾಕು.

ಇನ್ನು ಜೂಜಿಲ್ಲದ ಸಾಮಾನ್ಯ ಬಫೆಯ ಲೆಕ್ಕ. ನಮ್ಮ ಓದುಗರಲ್ಲಿ ಅರ್ಧದಷ್ಟು ಜನ ಅಂಗಡಿಕಾರರು, ಉಳಿದವರು ಒಕ್ಕಲಿಗರು. ಇಬ್ಬರಿಗೂ ಲೆಕ್ಕ ಕಲಿಸಬೇಕಾಗಿಲ್ಲ. ಆದರೂ ಹೋಟೆಲಿನ ಮೇಜಿನ ಮುಂದೆ ನಿಂತಾಗ ನಮ್ಮ ಲೆಕ್ಕ ತಪ್ಪುತ್ತದೆ. ತಲೆಗೆ 800 ರೂಪಾಯಿ ಕೊಟ್ಟಿದ್ದೇವೆಂದು ಹಿಡಿಯೋಣ. ಎರಡು ರೊಟ್ಟಿ ಉಂಡರೂ ಅದು ಹೋಯಿತು, ಹನ್ನೆರಡು ಉಂಡರೂ ಹೋಯಿತು. ಬೀಜದ ಹಣ ಹೋಯಿತೆಂದು ಒಣಗಿದ ಬೆಳೆಗೆ ಇನ್ನೆರಡು ಚೀಲ ಗೊಬ್ಬರ ಹಾಕುವ ರೈತನನ್ನು ನಾವು ಕಂಡಿಲ್ಲ. ಅದೇ ರೈತ ಬಫೆಯಲ್ಲಿ, ಕೊಟ್ಟ ಹಣ ವಸೂಲಾಗಬೇಕೆಂದು ತುಂಬಿದ ಹೊಟ್ಟೆಯ ಮೇಲೆ ಇನ್ನೆರಡು ಗುಲಾಬ್ ಜಾಮೂನು ಹಾಕುತ್ತಾನೆ. 800 ಮರಳಿ ಬರುವುದಿಲ್ಲ. ಮರುದಿನ ಡಾಕ್ಟರರಿಗೆ ಕೊಡುವುದು ಬೇರೆ.

ಅತ್ತ ಹೋಟೆಲಿನವನ ಲೆಕ್ಕ ಒಮ್ಮೆಯೂ ತಪ್ಪುವುದಿಲ್ಲ. ಮೇಜಿನ ಜೋಡಣೆಯನ್ನು ಗಮನಿಸಿರಿ. ಮೊದಲಿಗೆ ಸಿಗುವುದು ಸೂಪು, ಸೌತೆಕಾಯಿ, ಹಪ್ಪಳ, ಬ್ರೆಡ್ಡು. ಅನಂತರ ಅನ್ನ, ನೂಡಲ್ಸು. ಪನೀರು, ಗೋಡಂಬಿಯಂಥ ಬೆಲೆಯುಳ್ಳ ಪದಾರ್ಥ ಬರುವ ಹೊತ್ತಿಗೆ ತಟ್ಟೆ ತುಂಬಿರುತ್ತದೆ. ಅನ್ನಕ್ಕೆ ದೊಡ್ಡ ಸೌಟು, ಪನೀರಿಗೆ ಸಣ್ಣದು. ಕುಡಿಯುವ ಬಾಟಲಿಗೆ ಹಲವು ಕಡೆ ಬೇರೆಯೇ ಬಿಲ್ಲು. ಒಬ್ಬ ಇಬ್ಬರದು ಉಂಡರೆ ಇನ್ನಿಬ್ಬರು ಅರ್ಧ ಉಣ್ಣುತ್ತಾರೆ. ಆತ ಸರಾಸರಿ ಹಿಡಿದೇ ದರ ಹಾಕಿರುತ್ತಾನೆ. ಇದರಲ್ಲಿ ಮೋಸವೇನೂ ಇಲ್ಲ, ಅದು ಅವನ ವ್ಯಾಪಾರ. ವ್ಯಾಪಾರಸ್ಥರೇ ವ್ಯಾಪಾರಸ್ಥನ ಕೈಯಲ್ಲಿ ಸಿಕ್ಕುತ್ತೇವಲ್ಲ, ಅದು ಸೋಜಿಗ.

ಬಗೆ ಹೆಚ್ಚಾದಷ್ಟೂ ತಿನ್ನುವುದು ಹೆಚ್ಚಾಗುತ್ತದೆ ಎಂಬುದನ್ನು ವಿಜ್ಞಾನಿಗಳೂ ತೂಗಿ ನೋಡಿದ್ದಾರೆ. ಬಾರ್ಬರಾ ರೋಲ್ಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಬಗೆಯ ಸ್ಯಾಂಡ್‌ವಿಚ್ ಕೊಟ್ಟಾಗ ತಿಂದದ್ದಕ್ಕಿಂತ ನಾಲ್ಕು ಬಗೆ ಕೊಟ್ಟಾಗ ಜನ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ತಿಂದರು. ಹಸಿವು ಅಷ್ಟೇ ಇತ್ತು. ಒಂದು ರುಚಿ ಸಾಕೆನಿಸಿದರೂ ಮುಂದಿನ ರುಚಿಗೆ ನಾಲಿಗೆ ಮತ್ತೆ ಎದ್ದು ಕೂಡ್ರುತ್ತದೆ. ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ಮುಟ್ಟಲು ಸುಮಾರು 20 ನಿಮಿಷ ಬೇಕೆನ್ನುತ್ತಾರೆ ವೈದ್ಯರು. ಅಷ್ಟರಲ್ಲಿ ಮೂರನೆಯ ಸುತ್ತು ಮುಗಿದಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಜನರಿಗೆ ಸಕ್ಕರೆ ಕಾಯಿಲೆ. ಗೋವೆಯಲ್ಲಿ ನೂರಕ್ಕೆ 26.4, ಅಂದರೆ ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಇದಕ್ಕೆ ಬಫೆಯೇ ಕಾರಣವೆಂದು ಹೇಳಲು ನಾವು ವೈದ್ಯರಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ. ಆದರೆ ಗೋವೆಯಲ್ಲಿ ಬದುಕು ಕಟ್ಟಿಕೊಂಡ ನಮ್ಮ ಭಕ್ತರು ನಲವತ್ತು ದಾಟಿದೊಡನೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಗೋವೆಯ ಹೋಟೆಲುಗಳಿಗೆ ಹೋಗುವ ನಮ್ಮವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಮೀನು, ಮಾಂಸ ಆ ನೆಲದವರ ಊಟ. ಅದನ್ನು ಹಳಿಯುವ ಅಧಿಕಾರ ನಮಗಿಲ್ಲ. ಆದರೆ ಒಂದೇ ಮೇಜಿನ ಮೇಲೆ ಎರಡೂ ಇದ್ದಾಗ, ಅವಸರದ ಗಿರಾಕಿ ಆ ಪಾತ್ರೆಯ ಸೌಟನ್ನು ಈ ಪಾತ್ರೆಗೆ ಹಾಕಿ ಹೋಗುತ್ತಾನೆ. ಸಸ್ಯಾಹಾರದ ಮೇಜು ಬೇರೆ ಇದೆಯೇ ಎಂದು ಮೊದಲೇ ಕೇಳಿರಿ, ನಾಚಿಕೆ ಬೇಡ. ಬಿಬಿಂಕಾ ಎಂಬ ಪದರು ಪದರಾದ ಗೋವೆಯ ಸಿಹಿಯನ್ನು ನಮ್ಮವರು ನಮ್ಮ ಕಡೆಯ ಹಲ್ವದಂಥದ್ದೆಂದು ತಿಂದು ಬರುತ್ತಾರೆ. ಅದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಬೆಲ್ಲದ ದೊದೊಲ್‌ನಲ್ಲಿ ಮೊಟ್ಟೆಯಿಲ್ಲ. ಹಲವು ತರಕಾರಿ ಕೂಡಿಸಿ ಮಾಡುವ ಖತ್‌ಖತೆ, ಕೋಕಂ ಮತ್ತು ತೆಂಗಿನ ಹಾಲಿನ ಸೋಲ್‌ಕಡಿ ಇವು ಗೋವೆಯ ಮನೆಗಳ ಶುದ್ಧ ಸಸ್ಯಾಹಾರ, ಬಹಳ ರುಚಿ, ಸಿಕ್ಕರೆ ಉಣ್ಣಿರಿ. ಪಾತ್ರೆಯಿಂದ ಹಬೆ ಬರುತ್ತಿಲ್ಲವಾದರೆ ಆ ಪಾತ್ರೆಯನ್ನು ಬಿಟ್ಟುಬಿಡಿರಿ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲಿರಬೇಕು. ಉಗುರುಬೆಚ್ಚಗೆ ಗಂಟೆಗಟ್ಟಲೆ ಇಟ್ಟ ಅನ್ನದಲ್ಲಿ, ಅದೂ ಕಡಲತೀರದ ಸೆಕೆಯಲ್ಲಿ, ರೋಗಾಣು ಬೆಳೆಯುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ತಟ್ಟೆಯಲ್ಲಿ ಉಳಿಯುವ ಅನ್ನದ ಮಾತು.

ಬೆಳಗಾವಿ ಮಾರುಕಟ್ಟೆಯಿಂದ ಚೋರ್ಲಾ ಘಾಟ್ ಇಳಿದು ಗೋವೆಗೆ ಹೋಗುವ ತರಕಾರಿ ಗಾಡಿಗಳನ್ನು ನೋಡದವರು ನಮ್ಮಲ್ಲಿಲ್ಲ. ಕೋಸು, ಹೂಕೋಸು, ಟೊಮೆಟೊ, ಬದನೆ, ಮೆಣಸಿನಕಾಯಿ ಎಲ್ಲವೂ ನಮ್ಮ ಹೊಲದವು. ಗೋವೆಯ ಸರ್ಕಾರದ ತೋಟಗಾರಿಕೆ ನಿಗಮ ತನ್ನ ಮಳಿಗೆಗಳಲ್ಲಿ ರಿಯಾಯಿತಿ ದರಕ್ಕೆ ಮಾರುವ ತರಕಾರಿಯೂ ಬಹಳಷ್ಟು ಬೆಳಗಾವಿಯದೇ. ಹಾಗಾದಮೇಲೆ ಪಣಜಿಯ ಹೋಟೆಲಿನ ತಟ್ಟೆಯಲ್ಲಿ ಅರ್ಧ ತಿಂದು ಬಿಟ್ಟ ಹೂಕೋಸು ಯಾರದು? ನಿಮ್ಮದಾಗಿರಬಹುದು, ನಿಮ್ಮ ಬೀಗರದಾಗಿರಬಹುದು. ರಾತ್ರಿ ಕರೆಂಟು ಬಂದಾಗ ಎದ್ದು ನೀರು ಬಿಟ್ಟು, ಹುಳಕ್ಕೆ ಎಣ್ಣೆ ಹೊಡೆದು, ಕೊಯ್ದು, ಚೀಲ ಕಟ್ಟಿ, ದಲಾಲಿ ಕಳೆದು ಕೈಗೆ ಬಂದದ್ದಕ್ಕೆ ನಿಟ್ಟುಸಿರು ಬಿಟ್ಟು ಕಳಿಸಿದ ಹೂಕೋಸು. ಬಾರ್ದೇಸ್ ಕರಾವಳಿಯ ಹಸಿ ಕಸವೆಲ್ಲ ಹೋಗುವ ಸಾಳಗಾಂವದ ಘಟಕ 2016ರಲ್ಲಿ ಆರಂಭವಾಯಿತು; ಅಲ್ಲಿ ಅದರಿಂದ ಅನಿಲ ತೆಗೆದು ವಿದ್ಯುತ್ ಮಾಡುತ್ತಾರೆ. ಕೊಳೆಸಿ ನಾರಿಸುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ದೀಪ ಉರಿಸಲೆಂದು ಯಾವ ರೈತನೂ ಹೂಕೋಸು ಬೆಳೆಯುವುದಿಲ್ಲ.

ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಲೋಕದಾದ್ಯಂತ 105 ಕೋಟಿ ಟನ್ ಆಹಾರ ಹಾಳಾಯಿತು. ಜನರ ಕೈಗೆ ಮುಟ್ಟಬಹುದಾಗಿದ್ದ ಆಹಾರದಲ್ಲಿ ಇದು ಹೆಚ್ಚುಕಡಿಮೆ ಐದನೆಯ ಒಂದು ಪಾಲು. ಹೋಟೆಲು, ಕ್ಯಾಂಟೀನು ಮುಂತಾದವುಗಳಲ್ಲಿ ಕೆಟ್ಟದ್ದು 29 ಕೋಟಿ ಟನ್. ಮನೆಗಳಲ್ಲಿಯೇ ಕೆಟ್ಟದ್ದು 63 ಕೋಟಿ ಟನ್. ಎಲ್ಲ ತಪ್ಪನ್ನೂ ಹೋಟೆಲಿನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವಂತಿಲ್ಲ ಎಂದು ತಿಳಿಯಲೆಂದೇ ಈ ಎರಡನೆಯ ಅಂಕಿಯನ್ನೂ ಕೊಟ್ಟಿದ್ದೇವೆ.

ನಮ್ಮ ಧರ್ಮದಲ್ಲಿ ಊಟಕ್ಕೆ ಊಟವೆಂಬ ಹೆಸರೇ ಕಡಿಮೆ, ಪ್ರಸಾದವೆಂಬ ಹೆಸರು ಹೆಚ್ಚು. ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶ್ವರ ಸ್ಥಲಗಳ ಅನಂತರ ಮೂರನೆಯದೇ ಪ್ರಸಾದಿ ಸ್ಥಲ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಗುರುವಿನಿಂದ ಬಂದದ್ದು ಶುದ್ಧ, ಲಿಂಗದಿಂದ ಬಂದದ್ದು ಸಿದ್ಧ, ಜಂಗಮದಿಂದ ಬಂದದ್ದು ಪ್ರಸಿದ್ಧ ಎಂದು ಹಿರಿಯರು ವಿಂಗಡಿಸಿದರು. ಲಿಂಗಕ್ಕೆ ಅರ್ಪಿಸಿದ ಮೇಲೆ ಅದು ಪದಾರ್ಥವಲ್ಲ, ಪ್ರಸಾದ. ಪದಾರ್ಥವನ್ನು ಚೆಲ್ಲಿದರೆ ನಷ್ಟ. ಪ್ರಸಾದವನ್ನು ಚೆಲ್ಲಿದರೆ ಅದಕ್ಕೆ ಬೇರೆ ಹೆಸರಿದೆ. ನಮ್ಮ ಹಿರಿಯರು ಅಡ್ಡಣಿಗೆಯ ಮೇಲೆ ತಳಿಗೆಯಿಟ್ಟು, ಉಂಡಾದ ಮೇಲೆ ಅದೇ ತಳಿಗೆಯನ್ನು ನೀರಿನಿಂದ ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ಇಂದಿನ ಹುಡುಗರಿಗೆ ಇದು ಅಸಹ್ಯವೆನಿಸೀತು. ಆದರೆ ಹಾಗೆ ಮಾಡುವವನು ಎಷ್ಟು ಬಡಿಸಿಕೊಳ್ಳುತ್ತಾನೆ, ಯೋಚಿಸಿರಿ. ಕೊನೆಯ ಅಗುಳನ್ನೂ ತಾನೇ ಉಣ್ಣಬೇಕೆಂದು ತಿಳಿದವನ ಕೈ ಬಡಿಸಿಕೊಳ್ಳುವಾಗಲೇ ಹಿಡಿತದಲ್ಲಿರುತ್ತದೆ.

ಮಹಾಮನೆಯ ಪ್ರಸಾದಕುಂಡದಲ್ಲಿ ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದ ಮರುಳಶಂಕರದೇವರ ಕಥೆ ಶೂನ್ಯ ಸಂಪಾದನೆಯಲ್ಲಿದೆ. ಶರಣರು ಕೈತೊಳೆದ ನೀರು ಹೋಗಿ ಬೀಳುವ ಜಾಗ ಅದು. ಎಲ್ಲರೂ ಮರುಳನೆಂದು ಬಿಟ್ಟಿದ್ದ ಆತನಲ್ಲಿದ್ದ ಪ್ರಸಾದ ನಿಷ್ಠೆಯನ್ನು ಅಲ್ಲಮಪ್ರಭುಗಳೇ ಬಂದು ಬಸವಣ್ಣನವರಿಗೆ ತೋರಿಸಿಕೊಡಬೇಕಾಯಿತು. ಇಂಥ ನಿಷ್ಠೆ ನಮ್ಮಂಥವರಿಗೆ ನಿಲುಕುವುದಲ್ಲ. ನಿಲುಕುವ ಕಥೆ ಬೇರೆ ಇದೆ.

ಲಿಂಗಸೂಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಗಳು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಮನೆಯಲ್ಲಿ ಮರುದಿನಕ್ಕೆ ಕಾಳಿಲ್ಲ, ಅಕ್ಕಿ ಕದ್ದದ್ದಲ್ಲ, ನೆಲದ ಮೇಲೆ ಬಿದ್ದದ್ದು, ಯಾರೂ ಬೇಡವೆಂದಿಲ್ಲ. ಆದರೂ ಲಕ್ಕಮ್ಮ ಅದನ್ನು ಮನೆಯೊಳಗೆ ಬರಗೊಡಲಿಲ್ಲ. ಇಂದಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ನಾವು ಈ ಕಥೆಯನ್ನು ಬಡವರಿಗೆ ಹೇಳುವ ಕಥೆಯೆಂದು ತಿಳಿದಿದ್ದೇವೆ. ಎಷ್ಟು ಬೇಕಾದರೂ ತೆಗೆದುಕೋ ಎಂದು ತೆರೆದಿಟ್ಟ ಜಾಗದಲ್ಲಿ ನಿಂತವರಿಗೆ ಹೇಳುವ ಕಥೆ ಇದು. ಮಹಾಮನೆಯ ಅಂಗಳಕ್ಕೂ ಮಿತಿಯಿರಲಿಲ್ಲ, ಹೋಟೆಲಿನ ಮೇಜಿಗೂ ಮಿತಿಯಿಲ್ಲ. ಅಲ್ಲಿ ಮಿತಿಯನ್ನು ತಂದವಳು ಲಕ್ಕಮ್ಮ.

ಇಲ್ಲಿ ಒಬ್ಬ ಭಕ್ತರು ಕೇಳಿದ ಪ್ರಶ್ನೆ ಯೋಗ್ಯವಾದದ್ದು. ಮಠದ ದಾಸೋಹದಲ್ಲಿಯೂ ಬೇಡುವಷ್ಟು ಬಡಿಸುತ್ತೀರಲ್ಲ, ಅದೂ ಬಫೆಯಂತೆಯೇ ಅಲ್ಲವೇ ಎಂದರು. ಹೌದು, ಪ್ರಮಾಣದಲ್ಲಿ ಅದೂ ಅಪರಿಮಿತವೇ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ದಿನವೂ ಸಾವಿರಾರು ಮಕ್ಕಳ ತಟ್ಟೆಗೆ ಅನ್ನ ಹಾಕಿದರು. ನಮ್ಮ ಗಡಿನಾಡಿನಲ್ಲಿಯೇ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ನಡೆಸಿದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಬಡ ಹುಡುಗರು ಎಷ್ಟೋ ಊರುಗಳಲ್ಲಿದ್ದಾರೆ. ಅಲ್ಲಿಯೂ ಯಾರೂ ರೊಟ್ಟಿ ಎಣಿಸಲಿಲ್ಲ. ಆದರೆ ಉಣ್ಣುವವನು ಅಲ್ಲಿ ಹಣ ಕೊಟ್ಟಿಲ್ಲ. ಆದ್ದರಿಂದ ವಸೂಲಿಯೆಂಬ ಮಾತೇ ಹುಟ್ಟುವುದಿಲ್ಲ. ತನ್ನ ತಟ್ಟೆಯ ರೊಟ್ಟಿಯನ್ನು ಯಾವುದೋ ಊರಿನ ತಾಯಿ ಬಡಿದು ಕಳಿಸಿದ್ದಾಳೆಂದು ಅವನಿಗೆ ಗೊತ್ತು. ಎದುರಿಗೆ ಬಡಿಸುವವನು ಸೌಟು ಹಿಡಿದು ನಿಂತಿದ್ದಾನೆ, ಅವನ ಕಣ್ಣು ತಟ್ಟೆಯ ಮೇಲಿದೆ. ತಟ್ಟೆಗೆ ಇಬ್ಬರ ಕಾವಲು. ಬಫೆಯಲ್ಲಿ ನಾವೊಬ್ಬರೇ, ನಮ್ಮ ಮುಂದೆ 800 ರೂಪಾಯಿ.

ಇಷ್ಟೆಲ್ಲ ಬರೆದು, ನಮ್ಮ ಪಂಕ್ತಿಯೂಟವೇ ಪರಿಶುದ್ಧವೆಂದರೆ ಅದೂ ಸುಳ್ಳೇ. ನಾಲ್ಕು ಬಗೆಯ ಸಿಹಿ, ಕೇಳದೆ ಸುರಿಯುವ ಅನ್ನ, ಮುಂದಿನ ಪಂಕ್ತಿಯ ಅವಸರಕ್ಕೆ ಅರ್ಧಕ್ಕೇ ಎಬ್ಬಿಸುವ ಜನ. ಎಲೆ ಎತ್ತುವವರನ್ನು ಕೇಳಿರಿ, ನಮ್ಮ ಮದುವೆಗಳ ನಿಜ ಅವರಿಗೆ ಗೊತ್ತು. ಈಚೆಗೆ ಬೆಳಗಾವಿ, ಗೋಕಾಕ, ಚಿಕ್ಕೋಡಿ ಕಡೆಯ ಕಲ್ಯಾಣ ಮಂಟಪಗಳಲ್ಲಿ ಪಂಕ್ತಿಯೂ ಉಂಟು, ಹೊರಗೆ ಪಾನಿಪುರಿ, ಗೋಬಿ ಮಂಚೂರಿಯ ಮೇಜುಗಳೂ ಉಂಟು. ಅಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದವರು ಇಲ್ಲಿ ಎಲೆಯ ಮುಂದೆ ಶಾಸ್ತ್ರಕ್ಕೆ ಕೂಡ್ರುತ್ತಾರೆ. ಸಾಲ ಮಾಡಿ ಎರಡೂ ಬಗೆಯಿಂದ ಕೆಡಿಸಿದಂತಾಯಿತು. 1965ರಲ್ಲಿ ಧಾನ್ಯದ ಕೊರತೆಯಾದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರದ ಒಂದು ಹೊತ್ತಿನ ಊಟ ಬಿಡಿರೆಂದು ದೇಶಕ್ಕೆ ಕೈಮುಗಿದು ಕೇಳಿದರು. ಸೋಮವಾರ ಒಪ್ಪತ್ತು ನಮ್ಮ ಮನೆಗಳಿಗೆ ಹೊಸದಾಗಿರಲಿಲ್ಲ. ಆ ದಿನಗಳನ್ನು ಕಂಡ ಅಜ್ಜಿಯರು ಈಗಲೂ ಕೆಲವು ಮನೆಗಳಲ್ಲಿದ್ದಾರೆ. ಮದುವೆಯ ಊಟದ ಪಟ್ಟಿ ಬರೆಯುವ ಮುಂಚೆ ಅವರಿಗೊಮ್ಮೆ ಓದಿ ಹೇಳಿರಿ.

ಇನ್ನು ಗೋವೆಯ ಭಕ್ತರಿಗೆ ಪೂಜ್ಯರು ಕೊಡಿಸಿದ ಅಪ್ಪಣೆ. ಅಡುಗೆಯನ್ನು ಕ್ಯಾಟರಿಂಗ್‌ನವರಿಗೆ ಕೊಡಲು ಅಡ್ಡಿಯಿಲ್ಲ; ಪರ ಊರಿನಲ್ಲಿ ದುಡಿಯುವವರು ಒಲೆಯ ಮುಂದೆಯೂ ನಿಲ್ಲಬೇಕೆಂದು ಶ್ರೀಮಠ ಒತ್ತಾಯಿಸುವುದಿಲ್ಲ. ಬಡಿಸುವುದು ಮಾತ್ರ ಗುತ್ತಿಗೆಯಾಗಬಾರದು. ಮೊದಲ ಸುತ್ತನ್ನು ಪಂಕ್ತಿಯಲ್ಲಿ ಸ್ವಲ್ಪವೇ ಬಡಿಸುವುದು. ಮತ್ತೆ ಬೇಕಾದವರು ಎದ್ದು ಮೇಜಿನಿಂದ ತಾವೇ ತೆಗೆದುಕೊಳ್ಳುವುದು. ಇಷ್ಟನ್ನು ಬಫೆಯಿಂದ ಕಲಿತರೆ ತಪ್ಪಿಲ್ಲ. ವಯಸ್ಸಾದವರಿಗೆ, ಮೊಣಕಾಲು ನೋವಿನವರಿಗೆ ಕುರ್ಚಿ, ಮೇಜು. ಬೀಗರು, ಅಧ್ಯಕ್ಷರು, ಅತಿಥಿಗಳೆಂದು ಬೇರೆ ಪಂಕ್ತಿ ಇಲ್ಲ. ಪೂಜ್ಯರು ತಾವೂ ಅದೇ ಸಾಲಿನಲ್ಲಿ ಪ್ರಸಾದ ಸ್ವೀಕರಿಸುವರು. ಪದಾರ್ಥಗಳು ಇಷ್ಟೇ: ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗೋಧಿ ಹುಗ್ಗಿ, ಅನ್ನ, ಸಾರು, ಮಜ್ಜಿಗೆ. ಇದಕ್ಕೆ ಇನ್ನೊಂದು ಸಿಹಿ ಸೇರಿಸುತ್ತೇವೆಂದು ಈಗಾಗಲೇ ಇಬ್ಬರು ವ್ಯಾಪಾರಸ್ಥರು ಕೇಳಿದ್ದಾರೆ. ಆ ಹಣವನ್ನು ಪ್ರಸಾದ ನಿಲಯದ ಮಕ್ಕಳ ಖಾತೆಗೆ ಜಮಾ ಮಾಡಿದರೆ ರಸೀದಿ ಕೊಡುತ್ತೇವೆ.

ರೊಟ್ಟಿಗಳನ್ನು ಖಾನಾಪುರ, ಬೈಲಹೊಂಗಲ ತಾಲೂಕುಗಳ ತಾಯಂದಿರು ಖಡಕ್ ಮಾಡಿ ಕಳಿಸಲು ಒಪ್ಪಿದ್ದಾರೆ. ಮನೆಗೆ ಇಪ್ಪತ್ತಕ್ಕಿಂತ ಹೆಚ್ಚು ಬೇಡ. ಬಟ್ಟೆಯಲ್ಲಿ ಕಟ್ಟಿ, ಮೇಲೆ ಊರ ಹೆಸರು ಬರೆದು, ಜಯಂತಿಯ ಹಿಂದಿನ ದಿನ ಮಧ್ಯಾಹ್ನದೊಳಗೆ ಶ್ರೀಮಠಕ್ಕೆ ತಲುಪಿಸಬೇಕು. ಗಾಡಿ ನಾಲ್ಕು ಗಂಟೆಗೆ ಬಿಡುತ್ತದೆ, ಕತ್ತಲಾಗುವ ಮೊದಲೇ ಘಾಟ್ ಇಳಿಯಬೇಕು. ಸ್ಟೀಲಿನ ತಟ್ಟೆ, ಲೋಟಗಳನ್ನು ಮಠದಿಂದಲೇ ಕಳಿಸುತ್ತೇವೆ. ಉಂಡವರು ತಮ್ಮ ತಟ್ಟೆಯನ್ನು ತಾವೇ ತೊಳೆದಿಡುವುದು. ವಾಸ್ಕೋ, ಮಡಗಾಂವ, ಪೋಂಡಾ, ಮಾಪುಸಾ ಈ ನಾಲ್ಕೂ ಕಡೆಯಿಂದ ಹತ್ತು ಹತ್ತು ಜನ ಬಡಿಸುವವರು ಬೇಕು. ಅದರಲ್ಲಿ ಅರ್ಧದಷ್ಟಾದರೂ ಇಪ್ಪತ್ತೈದರ ಒಳಗಿನ ಹುಡುಗ ಹುಡುಗಿಯರಿರಲಿ. ಹೆಸರುಗಳನ್ನು ಅಮಾವಾಸ್ಯೆಯೊಳಗೆ ಕಚೇರಿಗೆ ಬರೆದು ಕಳಿಸಿರಿ.